ಶಾಲೆ ಬಿಟ್ಟ ಮೇಲಿನ ಮೂರು ತಾಸು

‘ಶಾಲಾ ಅವಧಿಯ ನಂತರ’ ಎಂಬ ಮಾತು ನಮ್ಮ ದೇಶದ ಕಾನೂನಿನಲ್ಲಿ ಎಲ್ಲಿ ಬರುತ್ತದೆ ಎಂದು ಹುಡುಕಹೊರಟವರಿಗೆ ಒಂದು ವಿಚಿತ್ರ ಎದುರಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಾಳಜಿಯೆಲ್ಲ ಶಾಲೆಯ ಒಳಗಿನ ಹೊತ್ತಿನದು. 1ರಿಂದ 5ನೇ ತರಗತಿಯವರೆಗೆ ವರ್ಷಕ್ಕೆ 800 ಗಂಟೆ, 6ರಿಂದ 8ರವರೆಗೆ 1,000 ಗಂಟೆ ಪಾಠ ನಡೆಯಬೇಕು ಎಂದು ಅದು ಲೆಕ್ಕ ಕೊಡುತ್ತದೆ. ವರ್ಷಕ್ಕೆ ಇರುವುದು 8,760 ಗಂಟೆ. ಅಂದರೆ ಕಾಯ್ದೆ ಮಗುವಿನ ಬದುಕಿನ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಮುಟ್ಟುತ್ತದೆ. ಉಳಿದ ಒಂಬತ್ತು ಪಾಲಿನಲ್ಲಿ ನಿದ್ದೆ, ಊಟ, ರಜೆ ಕಳೆದು ಸಿಗುವ ಸಂಜೆಯ ಹೊತ್ತಿನ ಬಗ್ಗೆ ಮಾತಾಡುವುದು ಬೇರೊಂದು ಕಾನೂನು. ಅದು ಬಾಲಕಾರ್ಮಿಕ ಕಾಯ್ದೆ.

1986ರ ಆ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಹೇಳಿದ ಬೆನ್ನಿಗೇ ಒಂದು ಕಿಂಡಿ ತೆರೆಯಿತು: ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಗು ತನ್ನ ಕುಟುಂಬಕ್ಕೆ, ಕುಟುಂಬದ ಉದ್ಯಮಕ್ಕೆ ನೆರವಾಗಬಹುದು, ಅದು ಅಪಾಯಕಾರಿ ಕೆಲಸವಾಗಿರಬಾರದು ಅಷ್ಟೆ. ಮರುವರ್ಷದ ನಿಯಮಗಳು ಈ ಕಿಂಡಿಗೆ ಚೌಕಟ್ಟು ಹಾಕಿದವು. ನೆರವು ಕುಟುಂಬಕ್ಕೆ ಸಂಪಾದನೆ ತರುವ ಉತ್ಪಾದನೆಯ, ಮಾರಾಟದ ಯಾವ ಹಂತದಲ್ಲೂ ಇರಕೂಡದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು. ಬಿಡುವು ಬಿಟ್ಟು ದಿನಕ್ಕೆ 3 ತಾಸು ಮೀರಕೂಡದು. ಸರ್ಕಾರಿ ಶಾಲೆ ಬಿಡುವುದು ನಾಲ್ಕು–ನಾಲ್ಕೂವರೆಗೆ. ಏಳಕ್ಕೆ ನಿಷೇಧ ಶುರು. ನಡುವೆ ಉಳಿಯುವುದು ಹೆಚ್ಚುಕಡಿಮೆ ಆ ಮೂರು ತಾಸೇ. ನಮ್ಮ ಪ್ರಭುತ್ವ ಬಡ ಮಗುವಿನ ಸಂಜೆಯನ್ನು ಇಷ್ಟು ಕರಾರುವಾಕ್ಕಾಗಿ ಅಳೆದದ್ದು ಇದೊಂದೇ ಕಡೆ ಎಂದು ನನಗನ್ನಿಸುತ್ತದೆ. ಅಳೆದದ್ದು ಆಟಕ್ಕಾಗಿ ಅಲ್ಲ, ಓದಿಗಾಗಿಯೂ ಅಲ್ಲ.

ಈ ಮೂರು ತಾಸಿಗೆ, ದುಡಿಮೆಯನ್ನು ಬಿಟ್ಟು ಬೇರೆ ಯಾವುದಕ್ಕಾದರೂ, ಸಾರ್ವಜನಿಕ ಹಣ ಎಂದಾದರೂ ಬಂದಿದೆಯೇ? ಬಂದಿದ್ದರೆ ಯಾವ ಬಾಗಿಲಿನಿಂದ ಬಂತು, ಎಲ್ಲಿ ನಿಂತಿತು? ಈ ಪ್ರಶ್ನೆಯನ್ನು ನಾನು ಕೇಳುತ್ತಿರುವುದು ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳನ್ನು ಮುಂದಿಟ್ಟುಕೊಂಡು. ಅದಕ್ಕೆ ಕಾರಣವಿದೆ. ಇದೇ ಪ್ರಶ್ನೆಯ ಬೇರು ಇರುವ ಒಂದು ಹಳೆಯ ಕಾಗದ ಬಳ್ಳಾರಿಯದೇ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಮನ್ರೋಗೆ ಈ ಸೀಮೆ ಹೊಸದಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ‘ದತ್ತ ಮಂಡಲ’ದ ಮೊದಲ ಮುಖ್ಯ ಕಲೆಕ್ಟರ್ ಅವನೇ. ಬಳ್ಳಾರಿಯ ಉತ್ತರ ಬಂದದ್ದು 1823ರ ಆಗಸ್ಟ್ 17ರಂದು, ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಸಹಿಯಲ್ಲಿ. ಮಿಕ್ಕ ಕೆಲವು ಕಲೆಕ್ಟರುಗಳು ಕೋಷ್ಟಕ ತುಂಬಿಸಿ ಕಳಿಸಿ ಕೈತೊಳೆದುಕೊಂಡರೆ ಕ್ಯಾಂಪ್‌ಬೆಲ್ ಕೂತು ಬರೆದ. 9,27,857 ಜನರಿರುವ ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವವು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಮುಸ್ಲಿಂ ಮಕ್ಕಳು 243. ಒಟ್ಟು ಹುಡುಗಿಯರು 60. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರ ಸೀಮೆಯೂ ಇತ್ತು ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಗಳನ್ನು ಓದಬೇಕು. ಹಾಗಿದ್ದೂ ಕನ್ನಡ–ತೆಲುಗುಗಳ ಈ ಸರಿಸಮ ತೂಕವನ್ನು ಇವತ್ತು ಬಳ್ಳಾರಿಯ ಯಾವುದೇ ಓಣಿಯಲ್ಲಿ ಆಡುವ ಮಕ್ಕಳ ಮಾತಿನಲ್ಲಿ ಕೇಳಬಹುದು.

ನಾವು ಕೂಲಿಮಠ, ಐಗಳ ಮಠ ಎಂದು ಕರೆಯುವ ಶಾಲೆಗಳ ದಿನಚರಿಯನ್ನು ಕ್ಯಾಂಪ್‌ಬೆಲ್ ಹತ್ತಿರದಿಂದ ಕಂಡವನಂತೆ ವಿವರಿಸುತ್ತಾನೆ. ಐದು ವರ್ಷಕ್ಕೆ ಮಗುವನ್ನು ಮಠಕ್ಕೆ ಹಾಕುತ್ತಾರೆ. ಬೆಳಿಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಏಟು ಏರುತ್ತದೆ. ಅಕ್ಷರ ತಿದ್ದುವುದು ಮರಳಿನ ಮೇಲೆ ಬೆರಳಿನಿಂದ. ಮುಂದೆ ಕಲಿತ ಹುಡುಗರು ಹಿಂದಿನವರಿಗೆ ಕಲಿಸುತ್ತಾರೆ. ಈ ಪದ್ಧತಿಯನ್ನು ಇಂಗ್ಲೆಂಡ್ ನಕಲು ಮಾಡಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಪ್‌ಬೆಲ್ ಮೆಚ್ಚುತ್ತಾನೆ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಅನಾಥಾಲಯದಲ್ಲಿ ಇದನ್ನು ಪ್ರಯೋಗಿಸಿ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅಲ್ಲಿಗೆ ಒಯ್ದಿದ್ದ.

1983ರಲ್ಲಿ ಧರಂಪಾಲ್ ಈ ಎಲ್ಲ ದಾಖಲೆಗಳನ್ನು ಸಂಪಾದಿಸಿ ಪುಸ್ತಕವಾಗಿ ಹೊರತಂದ ಮೇಲೆ ಕ್ಯಾಂಪ್‌ಬೆಲ್‌ನ ಪತ್ರಕ್ಕೆ ದೊಡ್ಡ ಹೆಸರು ಬಂತು. ಬ್ರಿಟಿಷರಿಗಿಂತ ಮುಂಚೆ ನಮ್ಮಲ್ಲಿ ಎಷ್ಟೊಂದು ಶಾಲೆಗಳಿದ್ದವು ಎನ್ನುವವರು ಅದನ್ನು ಉಲ್ಲೇಖಿಸುತ್ತಾರೆ. 60 ಹುಡುಗಿಯರ ಅಂಕಿಯನ್ನು ತೋರಿಸಿ ಅವರಿಗೆ ಉತ್ತರ ಕೊಡುವವರೂ ಅದನ್ನೇ ಉಲ್ಲೇಖಿಸುತ್ತಾರೆ. ಈ ಜಗ್ಗಾಟದಲ್ಲಿ ಪತ್ರದ ಎರಡು ಮಾತು ಹಿಂದೆ ಸರಿದಿವೆ. ಒಂದು, ಈ 533 ಶಾಲೆಗಳಲ್ಲಿ ಒಂದಕ್ಕೂ ಈಗ ಪ್ರಭುತ್ವದಿಂದ ಕಾಸಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ಆ ಕಲೆಕ್ಟರ್ ಬರೆಯುತ್ತಾನೆ. ಇನ್ನೊಂದು, ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಅವನು ಕೊಡುವ ಕಾರಣ. ನಾಡು ಬಡವಾಗುತ್ತಿದೆ, ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆಯ ಆದಾಯ ಕುಗ್ಗಿದೆ, ನಡುವಿನ ಮತ್ತು ಕೆಳಗಿನ ವರ್ಗದವರು ಮಕ್ಕಳ ಓದಿನ ಖರ್ಚು ಭರಿಸಲಾರರು, ಸಾಲದ್ದಕ್ಕೆ ಮಗುವಿನ ಎಳೆಯ ಕೈಕಾಲು ಸಣ್ಣ ಕೆಲಸಕ್ಕೆ ಒದಗುವಂತಾದ ಕೂಡಲೇ ಅವರಿಗೆ ಅದರ ದುಡಿಮೆ ಬೇಕಾಗುತ್ತದೆ.

ಬಳ್ಳಾರಿಯ ಮಗುವಿನ ಹೊತ್ತನ್ನು ಒಂದು ಬದಿಯಲ್ಲಿ ಓದು, ಇನ್ನೊಂದು ಬದಿಯಲ್ಲಿ ಮನೆಯ ಹಸಿವು ಎಳೆಯುತ್ತಿವೆ ಎಂಬುದಕ್ಕೆ ಹೀಗೆ 200 ವರ್ಷ ಹಿಂದಿನ ಸರ್ಕಾರಿ ಸಾಕ್ಷ್ಯವಿದೆ. ಆದರೆ ಆಗ ‘ಶಾಲೆಯ ನಂತರ’ ಎಂಬ ಹೊತ್ತು ಇರಲಿಲ್ಲ. ಇಂಥ ಜಗಲಿ ಶಾಲೆಗಳು ನಡುವೆ ಊಟಕ್ಕೆ ಬಿಟ್ಟು ಸಾಮಾನ್ಯವಾಗಿ ಸಂಜೆಯವರೆಗೂ ನಡೆಯುತ್ತಿದ್ದವು. ಮಗು ಇಡೀ ದಿನ ಮಠದಲ್ಲಿರಬೇಕು, ಇಲ್ಲವೇ ಇಡೀ ದಿನ ಹೊಲದಲ್ಲಿ. ಗಂಟೆ ಹೊಡೆದು ಶುರುವಾಗಿ ಗಂಟೆ ಹೊಡೆದು ಮುಗಿಯುವ ಶಾಲೆ ಬಂದದ್ದು 1854ರ ವುಡ್ ವರದಿಯ ನಂತರ, ಅನುದಾನ, ತಪಾಸಣೆ, ವೇಳಾಪಟ್ಟಿಗಳ ಜೊತೆಗೆ. ದಿನವನ್ನು ಶಾಲೆಯದು, ಶಾಲೆಯದಲ್ಲದ್ದು ಎಂದು ಎರಡಾಗಿ ಸೀಳಿದ್ದು ಆ ಗಂಟೆ. ಮೊದಲನೆಯ ತುಂಡಿಗೆ ಸರ್ಕಾರ ನಿಧಾನವಾಗಿ ಜವಾಬ್ದಾರಿ ಹೊತ್ತುಕೊಂಡಿತು. ಎರಡನೆಯದು ಯಾರದು ಎಂಬ ಪ್ರಶ್ನೆ ಹಾಗೇ ಬಿದ್ದಿತ್ತು.

ಅದಕ್ಕೆ ನೇರವಾಗಿ ಉತ್ತರ ಕೊಡಹೊರಟವರು ರಾಜಾಜಿ. ಸಿ. ರಾಜಗೋಪಾಲಾಚಾರಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ 1953ರ ಜೂನ್‌ನಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಮಾರ್ಪಡಿಸಿದ ಯೋಜನೆಯೊಂದನ್ನು ತಂದರು. ಮಕ್ಕಳಿಗೆ ದಿನಕ್ಕೆ ಮೂರು ತಾಸು ಶಾಲೆ. ಎರಡು ಪಾಳಿ ಮಾಡಿದರೆ ಇರುವ ಮೇಷ್ಟ್ರುಗಳಲ್ಲೇ ಇಮ್ಮಡಿ ಮಕ್ಕಳಿಗೆ ಪಾಠವಾಗುತ್ತದೆ. ಉಳಿದ ಹೊತ್ತು ಮಗು ಮನೆಯಲ್ಲಿ ತಂದೆತಾಯಿಯ ಕಸುಬು ಕಲಿಯಲಿ. ದ್ರಾವಿಡ ಚಳವಳಿ ಇದನ್ನು ‘ಕುಲ ಕಲ್ವಿ’, ಅಂದರೆ ಜಾತಿಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿಯಿತು. ಕ್ಷೌರಿಕನ ಮಗ ಕತ್ತರಿ, ಅಗಸನ ಮಗ ಬಟ್ಟೆಯ ಗಂಟು ಹಿಡಿದೇ ಬೆಳೆಯಬೇಕೇ ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿರಲಿಲ್ಲ. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದ ಕೂಡಲೇ ಅದನ್ನು ಕೈಬಿಟ್ಟರು.

1953ರ ಆ ಜೂನ್‌ನಲ್ಲಿ ಬಳ್ಳಾರಿ ಇದ್ದದ್ದು ಮದ್ರಾಸ್ ರಾಜ್ಯದಲ್ಲೇ. ಜುಲೈನಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯಿತು. ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಜಿಲ್ಲೆಯ ಇತಿಹಾಸವನ್ನು ಬರೆಯುವವರು ಆ ವರ್ಷದ ನೀರು ಮತ್ತು ಗಡಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಬರೆಯಬೇಕಾದದ್ದೇ. ಮಕ್ಕಳ ಅರ್ಧ ದಿನವನ್ನು ಮನೆಕಸುಬಿಗೆ ಬಿಟ್ಟುಕೊಡುವ ರಾಜ್ಯದಿಂದ ಅದೇ ವರ್ಷ ನಾವು ಹೊರಬಂದೆವು ಎಂಬುದನ್ನೂ ಅದರ ಪಕ್ಕದಲ್ಲಿ ಒಂದು ಸಾಲಿನಲ್ಲಿ ಬರೆದಿಡಬಹುದಿತ್ತು. ರಾಜಾಜಿಯ ಯೋಜನೆಗೂ 2016ರ ತಿದ್ದುಪಡಿಗೂ ನಡುವೆ 63 ವರ್ಷ. ಮನೆಯವರಿಗೆ ನೆರವಾಗುತ್ತಾ ಮಗು ಕಸುಬು ಕಲಿಯುತ್ತದೆ ಎಂಬ ವಾದ ಎರಡಕ್ಕೂ ಒಂದೇ. ಮೊದಲನೆಯದಕ್ಕೆ ಸರ್ಕಾರವೇ ಅಲುಗಾಡಿತು. ಎರಡನೆಯದಕ್ಕೆ ಸಂಸತ್ತಿನಲ್ಲಿ ಒಂದಿಷ್ಟು ಆಕ್ಷೇಪ, ಪತ್ರಿಕೆಗಳಲ್ಲಿ ಒಂದಿಷ್ಟು ಲೇಖನ, ಅಷ್ಟಕ್ಕೆ ಮುಗಿಯಿತು.

ಬಳ್ಳಾರಿಯ ಮಟ್ಟಿಗೆ ‘ಕುಟುಂಬದ ಉದ್ಯಮ’ ಎಂದರೇನು ಎಂದು ತಿಳಿಯಲು ಕೌಲ್ ಬಜಾರಿನ ಓಣಿಗಳಲ್ಲಿ ಸಂಜೆ ಐದರ ಮೇಲೆ ಅಡ್ಡಾಡಬೇಕು. ಇದು ಬ್ರಿಟಿಷ್ ದಂಡಿನ ಬಜಾರಾಗಿ ಬೆಳೆದ ಜಾಗ. ಸೈನ್ಯಕ್ಕೆ ಸಮವಸ್ತ್ರ ಹೊಲಿಯುತ್ತಿದ್ದ ಊರಿನ ದರ್ಜಿ ಕೈಗಳೇ ಮುಂದೆ ಜೀನ್ಸ್ ಹೊಲಿಯತೊಡಗಿ ಬಳ್ಳಾರಿಗೆ ಜೀನ್ಸ್ ನಗರ ಎಂಬ ಹೆಸರು ತಂದವು. ಹೊಲಿದ ಪ್ಯಾಂಟುಗಳ ಮೂಟೆ ಮನೆಗೆ ಬರುತ್ತದೆ. ಹೊಲಿಗೆಯ ತುದಿಗೆ ಜೋತುಬಿದ್ದ ದಾರ ಕತ್ತರಿಸುವುದು, ಗುಂಡಿಯ ಜಾಗ ನೋಡುವುದು, ಎಣಿಸಿ ಕಟ್ಟು ಕಟ್ಟುವುದು, ಇವೆಲ್ಲ ತುಂಡುಗೂಲಿಯ ಕೆಲಸ. ಅಮ್ಮ ಮಾಡುತ್ತಾಳೆ, ಪಕ್ಕದಲ್ಲಿ ಕೂತ ಮಗಳೂ ಮಾಡುತ್ತಾಳೆ. ಸಂಪಾದನೆ ತರುವ ಸರಪಳಿಯಲ್ಲಿ ಮಗು ಇರಕೂಡದು ಎಂಬ 2017ರ ನಿಯಮದ ಪ್ರಕಾರ ಇದು ತಪ್ಪು. ಆದರೆ ಮನೆಯ ಹೊಸ್ತಿಲ ಒಳಗೆ, ಅಮ್ಮನ ಮಗ್ಗುಲಲ್ಲಿ ಕೂತ ಮಗುವಿನ ಕೈಯ ಕತ್ತರಿ ನೆರವೋ ದುಡಿಮೆಯೋ ಎಂದು ತೀರ್ಮಾನಿಸಲು ಯಾವ ತಪಾಸಣಾಧಿಕಾರಿ ಬರುತ್ತಾನೆ? ಬಂದರೂ ಆ ಅಮ್ಮನಿಗೆ ಏನು ಹೇಳುತ್ತಾನೆ? ಕತ್ತರಿ ಕಸಿದುಕೊಂಡು ಮಗುವನ್ನು ಕಳಿಸಲು ಆ ಹೊತ್ತಿನಲ್ಲಿ ತೆರೆದಿರುವ ಒಂದು ಜಾಗ ಬೇಕಲ್ಲ.

ಅಂಥ ಜಾಗದ ಯೋಚನೆ ಸರ್ಕಾರಕ್ಕೆ ಬಂದೇ ಇಲ್ಲವೆಂದಲ್ಲ. 1956ರಲ್ಲಿ ನೆಹರೂ ದೆಹಲಿಯಲ್ಲಿ ಬಾಲ ಭವನ ಸ್ಥಾಪಿಸಿದರು. ಶಾಲೆಯ ಹೊರಗೆ ಮಕ್ಕಳು ಚಿತ್ರ ಬರೆಯಲು, ಮಣ್ಣಿನಲ್ಲಿ ಕೈಯಾಡಿಸಲು, ನಾಟಕ ಆಡಲು ಒಂದು ಸಾರ್ವಜನಿಕ ಜಾಗ ಎಂಬ ಕಲ್ಪನೆ ಅದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಜವಾಹರ ಬಾಲ ಭವನ ಬಂತು, ಆಮೇಲೆ ಮಹಿಳಾ ಮತ್ತು ಮಕ್ಕಳ ಇಲಾಖೆಯಡಿ ಜಿಲ್ಲೆಗಳಿಗೂ ಹಬ್ಬಿತು. ಬೇಸಿಗೆ ಶಿಬಿರ, ವಾರಾಂತ್ಯದ ತರಗತಿ, ಸ್ಪರ್ಧೆಗಳು ಅಲ್ಲಿ ನಡೆಯುತ್ತವೆ. ಒಳ್ಳೆಯ ಕೆಲಸವೇ. ಆದರೆ ಜಿಲ್ಲಾ ಕೇಂದ್ರದಲ್ಲಿರುವ ಬಾಲ ಭವನ ಸಿರುಗುಪ್ಪದ ಮಗುವಿಗೆ 50ಕ್ಕೂ ಹೆಚ್ಚು ಕಿಲೋಮೀಟರ್ ದೂರ. ಅಲ್ಲಿಗೆ ಹೋಗಿಬರಲು ಮಗುವಿನ ಕೈ ಹಿಡಿದುಕೊಂಡು ಹೋಗುವ, ಸಂಜೆ ಬಿಡುವಿರುವ ದೊಡ್ಡವರೊಬ್ಬರು ಬೇಕು. ಕೂಲಿಯ ಮನೆಗಳಲ್ಲಿ ಇಲ್ಲದಿರುವುದು ಅದೇ.

ದುಡಿಯುವ ಮಕ್ಕಳಿಗೆಂದೇ 1988ರಲ್ಲಿ ಶುರುವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿತ್ತು. ಕೆಲಸದಿಂದ ಬಿಡಿಸಿದ ಮಕ್ಕಳನ್ನು ವಿಶೇಷ ಶಾಲೆಗಳಲ್ಲಿ ಕೂರಿಸಿ ಓದಿಸಿ ಮುಖ್ಯ ಶಾಲೆಗೆ ಸೇರಿಸುವುದು ಅದರ ಕೆಲಸ. 2021ರಲ್ಲಿ ಅದನ್ನು ಸಮಗ್ರ ಶಿಕ್ಷಣ ಯೋಜನೆಯೊಳಗೆ ಕರಗಿಸಿದರು. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲೇ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಇತ್ತು. ಇವೆರಡರಿಂದ ಎಷ್ಟೋ ಮಕ್ಕಳು ಶಾಲೆಯೊಳಗೆ ಬಂದರು, ಉಳಿದರು. ಆದರೆ ಎರಡೂ ಗಂಟೆಯ ಆಚೆಗೆ ದಾಟಲಿಲ್ಲ. ದಾಟಬೇಕಿತ್ತೆಂದು ಅವುಗಳನ್ನು ದೂರುವುದೂ ಸರಿಯಲ್ಲ, ಅವುಗಳ ಕೆಲಸ ಬೇರೆ.

ಗಂಟೆಯ ಆಚೆಗೆ ದಾಟಿದ ಸರ್ಕಾರಿ ಹಣವೊಂದಿದೆ. ನಾವ್ಯಾರೂ ಅದನ್ನು ಮಕ್ಕಳ ಹಣ ಎಂದುಕೊಳ್ಳುವುದಿಲ್ಲ, ಅಷ್ಟೆ. ಅದು ಗ್ರಂಥಾಲಯ ಕರ.

1948ರಲ್ಲಿ ಮದ್ರಾಸ್ ಪ್ರಾಂತ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಹಿಂದೆ ಇದ್ದವರು ಎಸ್. ಆರ್. ರಂಗನಾಥನ್. ಆಸ್ತಿ ತೆರಿಗೆಯ ಜೊತೆ ಒಂದಿಷ್ಟು ಕರ ಸೇರಿಸಿ, ಓದಲಿ ಬಿಡಲಿ ಎಲ್ಲರಿಂದಲೂ ವಸೂಲು ಮಾಡಿ, ಓದುವವನಿಗೆ ಪುಕ್ಕಟೆ ಬಾಗಿಲು ತೆರೆಯುವ ವ್ಯವಸ್ಥೆ. ಮನೆಯಿದ್ದವನು ಮನೆಯಿಲ್ಲದವನ ಮಗುವಿನ ಓದಿಗೆ ಕೊಡುವ ಕಾಸು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಆಗ ಮದ್ರಾಸಿನಲ್ಲೇ ಇದ್ದ ಬಳ್ಳಾರಿ, ಮೈಸೂರು ಸೀಮೆಯವರಿಗಿಂತ ಬಹಳ ಮೊದಲೇ ಇಂಥ ಕಾಯ್ದೆಯ ಕೆಳಗೆ ಬಂತು. ಮೈಸೂರು ರಾಜ್ಯ ತನ್ನ ಗ್ರಂಥಾಲಯ ಕಾಯ್ದೆ ಮಾಡಿಕೊಂಡದ್ದು 1965ರಲ್ಲಿ. ಕ್ಯಾಂಪ್‌ಬೆಲ್ ನಾಚಿಕೆಯಿಂದ ಹೇಳಿಕೊಂಡ ಆ ಕೊರತೆಗೆ ಶಾಲೆಯ ಹೊರಗಿನ ಹೊತ್ತಿನಲ್ಲಿ ಮೊದಲ ಬಾರಿಗೆ ಕಾನೂನಿನ ಉತ್ತರ ಸಿಕ್ಕಿದ್ದು ಇಲ್ಲಿ ಎಂದು ನಾನು ವಾದಿಸುತ್ತೇನೆ. ಈ ವಾದವನ್ನು ಒಪ್ಪದ ಸ್ನೇಹಿತರಿದ್ದಾರೆ. ಗ್ರಂಥಾಲಯ ಎಂದರೆ ಪೇಪರ್ ಓದುವ ನಿವೃತ್ತರ ಜಾಗ, ಅಲ್ಲಿ ಮಕ್ಕಳು ಗಲಾಟೆ ಮಾಡಿದರೆ ಓಡಿಸುತ್ತಾರೆ ಎನ್ನುತ್ತಾರೆ. ಬಹುಕಾಲ ಅದು ನಿಜವೂ ಆಗಿತ್ತು.

ಬದಲಾದದ್ದು ತೀರ ಈಚೆಗೆ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಮರುವರ್ಷ ಕೋವಿಡ್ ಬಂತು, ಶಾಲೆ ಮುಚ್ಚಿತು. ಮೇಷ್ಟ್ರುಗಳೇ ಓಣಿಗೆ, ಗುಡಿಯ ಕಟ್ಟೆಗೆ ಹೋಗಿ ಪಾಠ ಮಾಡುವ ವಿದ್ಯಾಗಮ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ನಿಂತಿತು. ಅದರ ಬೆನ್ನಿಗೆ ಬಂದ ‘ಓದುವ ಬೆಳಕು’ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತ ಮಾಡಿತು. ಲಕ್ಷಾಂತರ ಮಕ್ಕಳು ಸೇರಿದರು. ಈಗ ಇವುಗಳ ಹೆಸರು ಅರಿವು ಕೇಂದ್ರ. ಗೋಡೆಗೆ ಚಿತ್ರ ಬಂದಿದೆ, ಕೆಲವು ಕಡೆ ಕಂಪ್ಯೂಟರ್, ಚೆಸ್, ಕೇರಂ ಬಂದಿವೆ. ‘ಶಾಲೆಯ ನಂತರದ ಕಾರ್ಯಕ್ರಮ’ ಎಂದು ಯಾರೂ ಇದಕ್ಕೆ ಹೆಸರಿಟ್ಟಿಲ್ಲ. ಆದರೆ ನಾಲ್ಕೂವರೆಗೆ ಚೀಲ ಬೆನ್ನಿಗಿದ್ದಂತೆಯೇ ಮಕ್ಕಳು ನುಗ್ಗುವ, ಸರ್ಕಾರ ಬಾಡಿಗೆ ಮತ್ತು ಸಂಬಳ ಕೊಡುವ ಕೋಣೆಗೆ ಬೇರೆ ಏನೆನ್ನಬೇಕು?

ಸಿರುಗುಪ್ಪ ತಾಲ್ಲೂಕಿನ ಊರೊಂದರಲ್ಲಿ ಇಂಥ ಕೋಣೆಯಲ್ಲಿ ಕೆಲವು ಸಂಜೆ ಕೂತಿದ್ದೇನೆ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ ಇದು. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ತಾಯಂದಿರು ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಹಾಗಾಗಿ ಅಲ್ಲಿ ಕೂರುವ ಮಕ್ಕಳಿಗೆ ಗ್ರಂಥಾಲಯವೆಂದರೆ ಮೊದಲು ನೆರಳು, ಆಮೇಲೆ ಪುಸ್ತಕ. ಆರನೇ ತರಗತಿಯ ಹುಡುಗಿಯೊಬ್ಬಳು ತಮ್ಮನಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದಳು. ಕನ್ನಡದಲ್ಲಿ ಓದಿ ತೆಲುಗಿನಲ್ಲಿ ವಿವರಿಸುತ್ತಿದ್ದಳು. ಕ್ಯಾಂಪ್‌ಬೆಲ್ ಮೆಚ್ಚಿದ, ದೊಡ್ಡವನು ಸಣ್ಣವನಿಗೆ ಕಲಿಸುವ ಪದ್ಧತಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಐದೂವರೆಯಾಗುತ್ತಲೇ ಅವಳು ಎದ್ದಳು, ಅವಳ ಜೊತೆಗೆ ಉಳಿದ ಹುಡುಗಿಯರೂ ಎದ್ದರು. ನೀರು ಹಿಡಿಯಬೇಕು, ಒಲೆ ಹೊತ್ತಿಸಬೇಕು. ಕೇರಂ ಬೋರ್ಡಿನ ಸುತ್ತಲಿನ ಹುಡುಗರು ಅಲ್ಲೇ ಇದ್ದರು. ಮಾರನೆಯ ದಿನವೂ ಹೀಗೇ.

ಅಂದರೆ ಬಾಗಿಲು ತೆರೆದರೆ ಸಾಲದು. ಹುಡುಗಿಯ ಮೂರು ತಾಸಿನಲ್ಲಿ ಎರಡನ್ನು ಮನೆ ಮೊದಲೇ ಬರೆಸಿಕೊಂಡಿರುತ್ತದೆ. ಈ ದೃಷ್ಟಿಯಿಂದ, 2023–24ರ ಬಜೆಟ್ಟಿನಲ್ಲಿ ಘೋಷಣೆಯಾಗಿ 4,000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಸಿಕೊಂಡ ‘ಕೂಸಿನ ಮನೆ’ಯನ್ನು ನಾನು ದೊಡ್ಡ ಮಕ್ಕಳ ಯೋಜನೆಯೆಂದೇ ಓದುತ್ತೇನೆ. ಕೂಲಿಗೆ ಹೋದ ತಾಯಿಯ ಕೂಸನ್ನು ಸರ್ಕಾರ ನೋಡಿಕೊಂಡರೆ ಬಿಡುಗಡೆಯಾಗುವುದು ಬರೀ ತಾಯಿಯಲ್ಲ, ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಓಣಿಯಲ್ಲಿ ನಿಲ್ಲುವ ಅಕ್ಕನೂ.

ಇನ್ನು ಕುರುಗೋಡಿಗೆ ಬಂದರೆ ಬೇರೆಯದೇ ತೊಡಕು. ಕಲ್ಯಾಣ ಚಾಲುಕ್ಯರ ಕಾಲದ ಸಿಂದ ಅರಸರ ಊರು, ದೊಡ್ಡಬಸವೇಶ್ವರನ ಭಾರಿ ನಂದಿಯ ಊರು ಇದು. ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ, ಪುರಸಭೆಯೂ ಆಗಿದೆ. ಪುರಸಭೆಯಾದದ್ದೇ ತೊಡಕು. ಓದುವ ಬೆಳಕು, ಅರಿವು ಕೇಂದ್ರ, ಕೂಸಿನ ಮನೆ, ಎಲ್ಲವೂ ಗ್ರಾಮ ಪಂಚಾಯಿತಿಯವು. ಊರು ಬೆಳೆದು ಪಟ್ಟಣವಾದ ದಿನ ಅದರ ಮಕ್ಕಳು ಈ ಇಲಾಖೆಯ ಗೆರೆಯಿಂದ ಹೊರಗೆ ಬೀಳುತ್ತಾರೆ. ಕುರುಗೋಡಿನ ಹೊರವಲಯದ ಹಳ್ಳಿಯ ಮಗುವಿಗೆ ಇರುವ ಸೌಕರ್ಯದ ಮೇಲೆ ಕುರುಗೋಡು ಪಟ್ಟಣದ ಗುಡಿಸಲಿನ ಮಗುವಿಗೆ ಹಕ್ಕಿಲ್ಲ. ಪಟ್ಟಣದ ಗ್ರಂಥಾಲಯ ಇಂದಿಗೂ ಗ್ರಂಥಾಲಯ ಇಲಾಖೆಯದು. ನಗರ ಸಂಸ್ಥೆಗಳು ವಸೂಲು ಮಾಡಿದ ಗ್ರಂಥಾಲಯ ಕರ ಇಲಾಖೆಗೆ ಪೂರ್ತಿ ತಲುಪುವುದಿಲ್ಲ ಎಂಬುದು ರಾಜ್ಯದಾದ್ಯಂತ ಹಳೆಯ ದೂರು. ಸಿರುಗುಪ್ಪ ನಗರಸಭೆಗೂ, ತೆಕ್ಕಲಕೋಟೆ ಪಟ್ಟಣ ಪಂಚಾಯಿತಿಗೂ, ಬಳ್ಳಾರಿ ಮಹಾನಗರ ಪಾಲಿಕೆಗೂ ಇದೇ ಗೆರೆ ಅನ್ವಯಿಸುತ್ತದೆ. ಕೌಲ್ ಬಜಾರಿನ ಕತ್ತರಿ ಹಿಡಿದ ಹುಡುಗಿ ಹಳ್ಳಿಯಲ್ಲಿ ಹುಟ್ಟಿದ್ದರೆ ಅವಳಿಗೊಂದು ಅರಿವು ಕೇಂದ್ರ ಸಿಗುತ್ತಿತ್ತು.

ಹಣವಿಲ್ಲ ಎನ್ನುವ ಮಾತು ಬಳ್ಳಾರಿಯಲ್ಲಿ ನಡೆಯುವುದಿಲ್ಲ. 371ಜೆ ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ, ಅದಿರಿನ ಹಣದಲ್ಲಿ ಶಿಕ್ಷಣವೂ ಆದ್ಯತೆಯ ಬಾಬ್ತು. ಆದರೆ ಇಂಥ ನಿಧಿಗಳಿಗೆ ಕಟ್ಟಡ ಕಟ್ಟುವುದು ಸುಲಭ, ಸಂಜೆ ನಾಲ್ಕರಿಂದ ಏಳರವರೆಗೆ ಒಬ್ಬ ಮನುಷ್ಯನನ್ನು ಅಲ್ಲಿ ವರ್ಷಗಟ್ಟಲೆ ಕೂರಿಸುವುದು ಕಷ್ಟ. ಕೋಣೆಗೆ ಉದ್ಘಾಟನೆಯ ಕಲ್ಲು ಹಾಕಬಹುದು, ಮನುಷ್ಯನಿಗೆ ಹಾಕಲಾಗುವುದಿಲ್ಲ. ಇನ್ನು ಸಂಜೆಗೆಂದು ಹಣ ಬಂದಾಗಲೂ ಅದು ಹತ್ತನೇ ತರಗತಿಯ ವಿಶೇಷ ಪಾಠಕ್ಕೆ, ಪಾಸಾಗುವ ಪ್ಯಾಕೇಜಿಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಜಿಲ್ಲೆ ಎಷ್ಟನೆಯದು ಎಂಬುದೇ ಅಳತೆಗೋಲಾದ ಮೇಲೆ ಆರನೇ ತರಗತಿಯ ಹುಡುಗಿಯ ಸಂಜೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ಆಟವಾಡಿದರೆ ಯಾವ ಪಟ್ಟಿಯಲ್ಲೂ ಏರಿಕೆಯಾಗುವುದಿಲ್ಲ.

ಅಮೆರಿಕದಲ್ಲಿ ಈ ಹೊತ್ತಿಗೆಂದೇ ಒಕ್ಕೂಟ ಸರ್ಕಾರದ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಿದೆ. 1994ರ ಕಾನೂನಿನಲ್ಲಿ ಬೀಜ ಬಿದ್ದ, ‘21ನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಎಂಬ ಉದ್ದ ಹೆಸರಿನ ಆ ಯೋಜನೆಗೆ ವರ್ಷಕ್ಕೆ 130 ಕೋಟಿ ಡಾಲರ್‌ನಷ್ಟು ಹಣ, ಬಹುಪಾಲು ಬಡ ಬಡಾವಣೆಗಳ ಮಕ್ಕಳಿಗೆ. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ಆ ಹಣವನ್ನು ತಡೆಹಿಡಿದಾಗ ದೊಡ್ಡ ಗದ್ದಲವೆದ್ದು ಕೆಲವೇ ವಾರಗಳಲ್ಲಿ ಬಿಡುಗಡೆ ಮಾಡಬೇಕಾಯಿತು. ನಮ್ಮಲ್ಲಿ ಹಾಗೆ ತಡೆಹಿಡಿಯಲು ಒಂದು ಬಾಬ್ತೇ ಇಲ್ಲ, ಹಾಗಾಗಿ ಗದ್ದಲವೂ ಇಲ್ಲ.

ಆ ಹೊತ್ತಿನಲ್ಲಿ ಮಕ್ಕಳಿಗೆ ಮಾಡಿಸುವುದೇನು ಎಂದು ಕೇಳುವವರಿಗೆ ಈ ಸೀಮೆಯಲ್ಲಿ ಉತ್ತರಕ್ಕೆ ಬರವಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲೆ ಅಶೋಕನ ಹೆಸರೇ ಕೊರೆದಿರುವ ಶಾಸನವಿದೆ. ಅವನ ಶಾಸನಗಳಲ್ಲಿ ಹೆಸರು ಸಿಗುವುದು ಬೆರಳೆಣಿಕೆಯ ಕಡೆ ಮಾತ್ರ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಉತ್ಖನನ ಮಾಡಿದ ನವಶಿಲಾಯುಗದ ನೆಲೆಯಿದೆ. ಬಳ್ಳಾರಿ ರಾಘವರ ಊರಿನಲ್ಲಿ ನಾಟಕ ಕಲಿಸಲು ಬರುವವರಿಗೆ, ಬಯಲಾಟದ ತಾಳ ಹೇಳಿಕೊಡುವವರಿಗೆ, ತೊಗಲುಗೊಂಬೆ ಆಡಿಸುವವರಿಗೆ ಕೊರತೆಯಿಲ್ಲ. ಅವರಿಗೆ ಬಸ್ ಚಾರ್ಜು, ಒಂದಿಷ್ಟು ಗೌರವಧನ ಕೊಡಲು ಯಾವ ಲೆಕ್ಕಶೀರ್ಷಿಕೆ ಬಳಸಬೇಕು ಎಂದು ಪಂಚಾಯಿತಿಯ ಗುಮಾಸ್ತರಿಗೆ ಗೊತ್ತಿಲ್ಲ. ನಾನು ಕೇಳಿದಾಗ ಅವರೇ ನನ್ನನ್ನು ತಿರುಗಿ ಕೇಳಿದರು.

ಸಂಶೋಧಕನಾಗಿ ನನಗಿರುವ ಇನ್ನೊಂದು ಆತಂಕ ದಾಖಲೆಯದು. ಅರಿವು ಕೇಂದ್ರದ ಬಾಗಿಲಲ್ಲೇ ಒಂದು ಹಾಜರಿ ಪುಸ್ತಕ ಇರುತ್ತದೆ. ಹೆಸರು, ತರಗತಿ, ಬಂದ ಹೊತ್ತು, ಹೋದ ಹೊತ್ತು, ಸಹಿ. ಮಕ್ಕಳು ಸಾಲುಗಟ್ಟಿ ನಿಂತು ತಮ್ಮ ಕೈಯಾರೆ ಬರೆಯುತ್ತಾರೆ. ಹುಡುಗಿಯರು ಎಷ್ಟಕ್ಕೆ ಎದ್ದರು, ಮೆಣಸಿನಕಾಯಿ ಬಿಡಿಸುವ ತಿಂಗಳಲ್ಲಿ ಯಾರು ಬರಲಿಲ್ಲ, ಯಾರು ಒಂದು ವರ್ಷ ದಿನವೂ ಬಂದು ಆಮೇಲೆ ಕಾಣೆಯಾದರು, ಎಲ್ಲವೂ ಅದರಲ್ಲಿದೆ. ಕ್ಯಾಂಪ್‌ಬೆಲ್‌ನ ಕೋಷ್ಟಕದಲ್ಲಿ 6,641 ಎಂಬ ಒಂದು ಅಂಕಿಯಷ್ಟೇ ಇತ್ತು, ಒಂದು ಮಗುವಿನ ಹೆಸರೂ ಇರಲಿಲ್ಲ. ಇಲ್ಲಿ ಪ್ರತಿ ಮಗುವೂ ತನ್ನ ಸಂಜೆಯ ಲೆಕ್ಕವನ್ನು ತಾನೇ ಬರೆದಿಟ್ಟಿದೆ.

ತುಂಬಿದ ಹಾಜರಿ ಪುಸ್ತಕಗಳನ್ನು ಏನು ಮಾಡುತ್ತೀರಿ ಎಂದು ಆ ಊರಿನ ಮೇಲ್ವಿಚಾರಕರನ್ನು ಕೇಳಿದೆ. ಅವರು ಕಪಾಟಿನ ಹಿಂದೆ ಒರಗಿಸಿಟ್ಟಿದ್ದ ಗೋಣಿಚೀಲ ತೋರಿಸಿದರು. ಹಳೆಯ ದಿನಪತ್ರಿಕೆಗಳ ಜೊತೆಯಲ್ಲೇ ಅವೂ ಇದ್ದವು, ಮುಂದಿನ ತಿಂಗಳು ತೂಕಕ್ಕೆ ಹಾಕಬೇಕು ಎಂದರು. 2020ರಿಂದ ಈಚಿನ ಮೂರು ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು ಆರಿಸಿಕೊಂಡೆ. ಪುಟಪುಟವಾಗಿ ಚಿತ್ರ ತೆಗೆದು ವಾಪಸು ಕೊಟ್ಟಿದ್ದೇನೆ, ಗೋಣಿಚೀಲಕ್ಕೆ ಹಾಕಬೇಡಿ ಎಂದು ಹೇಳಿಬಂದಿದ್ದೇನೆ.